ಹೆಸರಿನ ಮುಂದಿನ ಹೆಸರು

ಪರದೆಯ ಮೇಲೆ ನನ್ನ ಹೆಸರಿನ ಮುಂದೆ ಅವರ ಹೆಸರಿತ್ತು. ಮಹಾನಂದಾ ಯುವರಾಜ. ನಡುವೆ ಒಂದು ಅಕ್ಷರದಷ್ಟು ಜಾಗ, ಅಷ್ಟೇ.

ಯುವರಾಜ ಸರ್ ಚಹಾ ತರಲು ಹೋಗಿದ್ದರು. ನಾನು ಕುರ್ಚಿ ಬಿಟ್ಟು ಎದ್ದೆ. ಬಾಗಿಲ ಕಡೆ ನೋಡಿ ಮತ್ತೆ ಕುಳಿತು ಓದಿದೆ.

ಅದು ೨೦೦೬ರ ಬೇಸಿಗೆ. ನವನಗರದ ಕಾಲೇಜೊಂದರಲ್ಲಿ ನಾವಿಬ್ಬರೂ ಕಂಪ್ಯೂಟರ್ ಪಾಠ ಹೇಳುತ್ತಿದ್ದೆವು. ಕ್ಲಾಸು ಮುಗಿದ ಮೇಲೆ ಲ್ಯಾಬಿನಲ್ಲಿ ಕೂತು ಯಾರು ಬೇಕಾದರೂ ಕೈಜೋಡಿಸಬಹುದಾದ ಒಂದು ಓಪನ್ ಸೋರ್ಸ್ ಟೂಲಿಗೆ ಕೋಡ್ ಬರೆಯುತ್ತಿದ್ದೆವು. ದೂರದ ಸರ್ವರಿನಿಂದ ಪ್ರೋಗ್ರಾಮು ತಂದುಕೊಡುವ ಟೂಲ್ ಅದು. ಕೆಲವು ಸರ್ವರುಗಳು ಬಾಗಿಲಲ್ಲೇ ನಿಲ್ಲಿಸಿ, ನೀವು ಯಾರು ಎಂದು ಕೇಳುತ್ತವೆ; ಹೆಸರಿರುವ ಸರ್ಟಿಫಿಕೇಟ್ ತೋರಿಸಿದರೆ ಮಾತ್ರ ಒಳಗೆ ಬಿಡುತ್ತವೆ. ನಮ್ಮ ಟೂಲಿಗೆ ಅದನ್ನು ತೋರಿಸಲು ಬರುತ್ತಿರಲಿಲ್ಲ. ಅದನ್ನೇ ಕಲಿಸುತ್ತಿದ್ದೆವು. ಟೆಸ್ಟಿಗೆಂದು ಯುವರಾಜ ಅಂದು ಒಂದು ಸರ್ಟಿಫಿಕೇಟ್ ಮಾಡಿದ್ದರು. ಪರದೆಯ ಮೇಲಿದ್ದ ಹೆಸರು ಅದರದೇ.

ಅವರು ಬಂದು ಚಹಾದ ಕಪ್ಪು ಇಟ್ಟರು. ನಾನು ಪ್ರತಿ ಸಾಲನ್ನೂ ಬೆರಳಿಟ್ಟು ಓದುವುದನ್ನು ಕಂಡು ಓರೆಗಣ್ಣಿನಲ್ಲಿ ನಕ್ಕರು.

“ತಪ್ಪು ಹಿಡಿಯೂದ್ರಾಗ ಕಂಪೈಲರಿಗಿಂತ ನಿಮ್ಮ ಅನುಮಾನನ ಭಾಳ ನೋಡ್ರಿ, ಮೇಡಂ.”

“ತಪ್ಪು ಉಳದ್ರ ಬೈಯವರು ನೀವಽ ಅಲ್ರಿ?”

“ನಿಮ್ಮನ್ನ ಬೈಯಾಕ ನನಗ ಯಾವಾಗ ಧೈರ್ಯ ಬಂದೈತ್ರಿ?”

ಆ ನೋಟ ನನ್ನ ಮೇಲೆ ತುಸು ಹೆಚ್ಚೇ ನಿಂತಿತು ಅನ್ನಿಸಿತು. ಹೆಸರಿನ ಮಾತು ಅವರು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಅಂದು ಸಂಜೆ ಇಳಕಲ್ಲಿನಿಂದ ಅವ್ವ ಫೋನ್ ಮಾಡಿದಳು. ನನ್ನನ್ನು ನೋಡಿ ಹೋಗಿದ್ದ ಹುನಗುಂದದವರಿಗೆ ನಾನು ಮನಸ್ಸಿಗೆ ಬಂದಿದ್ದೆ, ಉತ್ತರಕ್ಕೆ ಕಾಯುತ್ತಿದ್ದರು. ಭಾನುವಾರದವರೆಗೆ ತಡಿ ಎಂದೆ. ಮಗ್ಗದ ಸದ್ದಿನ ನಡುವೆ, ಭಾನುವಾರ ಏನೈತಿ ಎಂದು ಅವ್ವ ಕೇಳಿದಳು. ಶನಿವಾರ ಕೆಲಸ ಮುಗೀತೈತಿ ಎಂದೆ.

ಅಷ್ಟು ದಿನವೂ ಅವರನ್ನೇ ಕಾದು ನೋಡಿದೆ. ಅವರು ಗಂಟಲು ಸರಿಪಡಿಸಿಕೊಂಡರೆ, ಹೆಸರಿನ ಮಾತೇ ಬಂತು ಎಂದು ಕತ್ತೆತ್ತುತ್ತಿದ್ದೆ. ಮಾತು ಮಾತ್ರ ಕೋಡಿನದೇ.

ಶನಿವಾರ ಎಲ್ಲ ಫೈಲುಗಳನ್ನು ಟೂಲ್ ನೋಡಿಕೊಳ್ಳುವ ದೂರದ ತಂಡಕ್ಕೆ ಕಳಿಸಬೇಕಿತ್ತು. ಇನ್ನು ತಡೆಯಲಾಗದೆ, ಈ ಹೆಸರು ಯಾಕೆ ಹೀಗೆ ಎಂದು ಕೇಳಿದೆ.

“ಕೆಲಸ ಇಬ್ಬರೂ ಮಾಡೇವಲ್ರಿ. ಅದಕ್ಕ ಇಬ್ಬರ ಹೆಸರೂ ಹಾಕಿದೆ.”

ನಾನು ಒಂದೊಂದೇ ಮಾತು ಆರಿಸಿಕೊಂಡು ಹೇಳಿದೆ. “ನಮ್ಮ ಕಡೆ ಲಗ್ನಾದ ಹೆಣ್ಣುಮಕ್ಕಳ ಹೆಸರಿನ ಮುಂದ ಗಂಡನ ಹೆಸರು ಬರ್ತೈತ್ರಿ, ಸರ್.”

ಕೀಲಿಮಣೆಯ ಮೇಲಿದ್ದ ಅವರ ಕೈ ನಿಂತಿತು. ತಿರುಗಿ ನನ್ನನ್ನು ನೋಡಿದರು. ಈ ಸಲ ಆ ನೋಟದಲ್ಲಿ ನಗು ಇರಲಿಲ್ಲ. ನಾನು ಏನೆಂದುಕೊಂಡಿದ್ದೆ ಎಂಬುದು ಅವರಿಗೆ ಪೂರ್ತಿ ತಿಳಿದುಹೋಯಿತು. ನಾನು ಸೆರಗಿನ ತುದಿ ನೋಡುತ್ತ ಕೂತೆ.

ಅಕ್ಕನ ಮಗಳ ಜೊತೆ ತಮ್ಮ ಮದುವೆ ನಿಶ್ಚಯವಾಗಿದೆ ಎಂದು ಅವರು ತಗ್ಗಿದ ದನಿಯಲ್ಲಿ ಹೇಳಿದರು. ಹುಡುಗಿ ಹುಟ್ಟಿದಾಗಲೇ ಆಡಿದ ಮಾತಂತೆ. ತಂದೆಯಿಲ್ಲದ ಅವರನ್ನು ಅಕ್ಕನೇ ಓದಿಸಿದ್ದಳಂತೆ.

ಒಳ್ಳೇದಾತು ಎಂದೆ.

“ಇನ್ನೊಂದು ಹೇಳ್ತೇನ್ರಿ, ತಪ್ಪು ತಿಳೀಬ್ಯಾಡ್ರಿ. ಬರೆಯೂ ಮುಂದ ನನ್ನ ಮನಸ್ನ್ಯಾಗ ಏನೂ ಇರಲಿಲ್ಲ. ಬರದ ಮ್ಯಾಲ ಓದಿದೆ. ಚಂದ ಕಂಡ್ತು. ಅಳಸಾಕ ಮನಸಾಗಲಿಲ್ಲ.”

ಅವರು ಹೀಗೆ ಹೇಳದೇ ಇದ್ದಿದ್ದರೆ ಎದ್ದು ಹೋಗುವುದು ಸುಲಭವಾಗುತ್ತಿತ್ತು.

“ಹಂಗಽ ಇರಲೇನ್ರಿ?” ಎಂದರು. “ದೂರ ಕೂತವರಿಗೆ ಇದರ ಅರ್ಥ ಗೊತ್ತಾಗೂದಿಲ್ಲ.”

“ನನಗ ಗೊತ್ತೈತಲ್ರಿ.”

ಅವರು ಆ ಫೈಲನ್ನು ಅಳಿಸಿದರು. ಹೊಸ ಸರ್ಟಿಫಿಕೇಟಿಗೆ ಮತ್ತೆ ಹೆಸರು ಬೇಕಾಯಿತು. ನನ್ನದು ಬರೆದು, ಜಾಗ ಬಿಟ್ಟು, ಕೈ ತಡೆದರು.

“ನಿಮ್ಮ ಅಪ್ಪಾರ ಹೆಸರೇನ್ರಿ?”

“ನಿಂಗಣ್ಣ.”

ಒಂದೊಂದೇ ಅಕ್ಷರ ಒತ್ತಿದರು. ಸರ್ವರು ಕೇಳಿತು, ಟೂಲು ತೋರಿಸಿತು, ಬಾಗಿಲು ತೆರೆಯಿತು. ಎಷ್ಟೋ ದಿನ ಕಾದಿದ್ದ ಗೆಲುವು. ಅವರು ಫೈಲುಗಳನ್ನು ಕಳಿಸಿದರು, ನಾನು ಚೀಲ ಎತ್ತಿಕೊಂಡೆ.

ಹೊರಗೆ ಬಂದು, ಬಸ್ ಸ್ಟ್ಯಾಂಡಿನ ಎದುರಿನ ಬೂತಿನಿಂದ ಅವ್ವನಿಗೆ ಫೋನ್ ಹಚ್ಚಿದೆ. ಹುನಗುಂದದವರಿಗೆ ಬರಲು ಹೇಳು ಎಂದೆ.

ಅವ್ವ ಕೇಳಿದಳು:

“ಯಾಕವ್ವಾ, ದನಿ ಹಿಂಗ್ಯಾಕೈತಿ? ನೆಗಡಿ ಆಗೈತೇನು?”

“ಹೂಂ ಬೇ,” ಎಂದೆ.