ಎಡಗೈಯಲ್ಲಿ ಸಾರಿಸಿದ ಅಂಗಳ

ಜನವರಿ 19, ಸೋಮವಾರ. ಸಂಜೆ 4.40ಕ್ಕೆ ಮಸ್ಕಿ ಪೊಲೀಸ್ ಠಾಣೆಗೆ ಬಂದ ಯುವಕನ ಕೈಯಲ್ಲಿ ಕ್ಯಾಮೆರಾದ ಮೂರು ಕಾಲಿನ ಸ್ಟ್ಯಾಂಡ್ ಇತ್ತು, ಕ್ಯಾಮೆರಾ ಇರಲಿಲ್ಲ. ಹೆಸರು ಚನ್ನು, ವಯಸ್ಸು 26, ಸಿಂಧನೂರಿನವನು. ಮದುವೆ ಫೋಟೋ ತೆಗೆಯುವುದು ಅವನ ಕಸುಬು. ಜನ ಬಿಟ್ಟುಹೋದ ಊರುಗಳನ್ನು ಹುಡುಕಿಕೊಂಡು ಹೋಗಿ, ವಿಡಿಯೊ ಮಾಡಿ ಯೂಟ್ಯೂಬ್‌ಗೆ ಹಾಕುವುದು ಅವನ ಹುಚ್ಚು.

"ಎಲ್ಲಿ ಹೋತು?" ಎಂದು ಕೇಳಿದರು ಪಿಎಸ್‌ಐ ಸಿದ್ದರಾಮೇಶ.

"ಹಳೇ ಕೆಂಚಮರಡಿಯಾಗ ರೀ ಸರ್. ಒಂದು ಮನಿ ಮುಂದ ನಿಲ್ಲಿಸಿ ಬಾವಿ ನೋಡಾಕ ಹೋಗಿದ್ದೆ. ಹತ್ತು ನಿಮಿಷ. ಬಂದು ನೋಡಿದ್ರ ಸ್ಟ್ಯಾಂಡ್ ಹಂಗ ನಿಂತೈತಿ, ಕ್ಯಾಮೆರಾ ಇಲ್ಲ."

"ಯಾರರ ಕಂಡ್ರೇನು?"

"ಅಲ್ಲಿ ಯಾರಿರತಾರ್ರೀ? ಹದಿನಾರು ವರ್ಷಾತು ಊರು ಖಾಲಿ ಆಗಿ." ಚನ್ನು ದನಿ ಇಳಿಸಿದ. "ಸರ್, ಅದು ಮನಷ್ಯಾರ ಕೆಲಸ ಅಲ್ಲ ಅನಸ್ತೈತಿ. ಆ ಮನಿಯಾಗ ಒಬ್ಬಾಕಿ ಉರಲು ಹಾಕ್ಕೊಂಡು ಸತ್ತಾಳ. ಗ್ಯಾನಮ್ಮ ಅಂತ. ಹೋದ ತಿಂಗಳ ನಾನ ವಿಡಿಯೊ ಹಾಕೀನಿ. ಮೂರು ಲಕ್ಷ ಮಂದಿ ನೋಡ್ಯಾರ."

ಪಕ್ಕದ ಮೇಜಿನಲ್ಲಿದ್ದ ಹೆಡ್ ಕಾನ್‌ಸ್ಟೆಬಲ್ ದಾವಲ್‌ಸಾಬ್ ತಲೆ ಎತ್ತಿದರು. "ದೆವ್ವಕ್ಕ ಕ್ಯಾಮೆರಾ ಯಾಕ ಬೇಕಲೇ ತಮ್ಮಾ? ಅದೂ ಚಾನಲ್ ತೆಗೀತೈತೇನು?"

ಸಂಜೆ 5.20ಕ್ಕೆ ಭಾರತೀಯ ನ್ಯಾಯ ಸಂಹಿತೆಯ ಕಲಂ 303(2)ರ ಅಡಿ ಕಳವಿನ ಎಫ್‌ಐಆರ್ ದಾಖಲಾಯಿತು. ಆರೋಪಿಯ ಹೆಸರಿನ ಜಾಗದಲ್ಲಿ ದಾವಲ್‌ಸಾಬ್ "ಅಪರಿಚಿತರು" ಎಂದು ಬರೆದು, "ಮನಷ್ಯಾರು ಅಂತ ಬ್ಯಾರೆ ಬರೀಲೇನ್ರಿ ಸರ್?" ಎಂದು ಕೇಳಿ, ಸಾಹೇಬರ ಮುಖ ನೋಡಿ ಹಾಳೆ ತಿರುವಿದರು.

ಮರುದಿನ ಬೆಳಿಗ್ಗೆ 8.10ಕ್ಕೆ ಚನ್ನುವನ್ನೂ ಕೂರಿಸಿಕೊಂಡು ಜೀಪು ಹಳೇ ಕೆಂಚಮರಡಿ ತಲುಪಿತು. 2009ರ ನೆರೆಯಲ್ಲಿ ಹಳ್ಳ ಉಕ್ಕಿ ಅರ್ಧ ಊರಿನೊಳಗೆ ನೀರು ನುಗ್ಗಿದ ಮೇಲೆ ಜನರಿಗೆ ಎರಡು ಕಿಲೋಮೀಟರ್ ಮೇಲೆ ಪ್ಲಾಟು ಕೊಟ್ಟಿದ್ದರು. ಹೋಗುವಾಗ ಬಾಗಿಲು, ತೊಲೆ, ಜಂತಿ ಎಲ್ಲ ಬಿಚ್ಚಿಕೊಂಡು ಹೋಗಿದ್ದರು. ಉಳಿದದ್ದು ಕಲ್ಲುಮಣ್ಣಿನ ಗೋಡೆ, ಮೇಲೆ ಬರೀ ಆಕಾಶ.

ಇಬ್ಬರು ಪಂಚರ ಎದುರು ಪಂಚನಾಮೆ ಶುರುವಾಯಿತು. ಆ ಮನೆಯ ಗೋಡೆಯ ಮೇಲೆ ಯಾವುದೋ ಕಾಲದ ಸರ್ವೆಯವರು ಬಣ್ಣದಲ್ಲಿ ಬರೆದದ್ದು ಇನ್ನೂ ಓದಲು ಬರುತ್ತಿತ್ತು: ಗ್ಯಾನಮ್ಮ ಗಂಡ ಗದ್ದೆಪ್ಪ.

ಸಿದ್ದರಾಮೇಶ ಕತ್ತೆತ್ತಿ ನೋಡಿದರು. "ಉರಲು ಹಾಕ್ಕೊಂಡಾಳ ಅಂದೆಲ್ಲ, ಯಾವುದಕ್ಕ? ತೊಲಿನ ಇಲ್ಲಲ್ಲ."

"ಅದು... ಕತಿ ರೀ ಸರ್," ಎಂದ ಚನ್ನು.

"ಯಾರು ಹೇಳಿದ ಕತಿ?"

ಚನ್ನು ಗೋಡೆಯ ಮೇಲಿನ ಹೆಸರಿನ ಕಡೆ ನೋಡಿದ.

ಆಗ ಹೊಸ್ತಿಲ ಬಳಿ ಕುಕ್ಕರುಗಾಲಿನಲ್ಲಿ ಕೂತಿದ್ದ ಮಹಿಳಾ ಕಾನ್‌ಸ್ಟೆಬಲ್ ಶಿವಕುಮಾರಿ ಕರೆದಳು. "ಸರ್, ಇಲ್ಲಿ ಬರ್ರಿ." ಬಾಗಿಲ ಮುಂದಿನ ನೆಲವನ್ನು ಸಗಣಿಯಿಂದ ಸಾರಿಸಿದ್ದರು. ಬಣ್ಣ ಹೊಸದಾಗಿತ್ತು. ಹೊಸ್ತಿಲ ಮೇಲೆ ಕುಂಕುಮ, ಮೂಲೆಯಲ್ಲಿ ಎಣ್ಣೆ ಆರಿದ ಹಣತೆ.

"ನಿನ್ನಿ ನೀ ಬಂದಾಗ ಇದು ಹಿಂಗ ಇತ್ತೇನು?" ಎಂದು ಅವಳು ಚನ್ನುವನ್ನು ಕೇಳಿದಳು. ಅವನು ಮೊಬೈಲ್ ತೆಗೆದ. ನಿನ್ನೆ ಮಧ್ಯಾಹ್ನ 2.50ಕ್ಕೆ ತೆಗೆದ ಫೋಟೋದಲ್ಲೂ ಅಂಗಳ ಸಾರಿಸಿಯೇ ಇತ್ತು. ಆದರೆ ಅದರ ಮೇಲೆ ಅವನದೇ ಬೂಟಿನ ಕೆಸರು ಹೆಜ್ಜೆಗಳು ಹೊಸ್ತಿಲು ದಾಟಿ ಒಳಗೆ ಹೋಗಿದ್ದವು. ಈಗ ಒಂದೂ ಇಲ್ಲ.

"ಅಂದ್ರ ಕ್ಯಾಮೆರಾ ಹೋದ ಮ್ಯಾಲೆ ಯಾರೋ ಕುಂತು ಮತ್ತ ಸಾರಿಸ್ಯಾರ," ಎಂದರು ಸಿದ್ದರಾಮೇಶ.

ದಾವಲ್‌ಸಾಬ್ ಗಡ್ಡ ಕೆರೆದುಕೊಂಡರು. "ಇಪ್ಪತ್ತೆಂಟು ವರ್ಷದ ಸರ್ವಿಸಿನಾಗ ಕದ್ದು ಓಡಿದವರನ್ನ ಕಂಡೀನಿ. ಕದ್ದು, ಕಸ ಹೊಡದು, ಸಾರಿಸಿ ಹೋದವರನ್ನ ಇವತ್ತ ನೋಡಾಕತ್ತೀನಿ."

"ಇನ್ನೊಂದೈತ್ರಿ," ಎಂದಳು ಶಿವಕುಮಾರಿ. ನೆಲದ ಕಮಾನಿನಂಥ ಗೆರೆಗಳ ಮೇಲೆ ಬೆರಳು ಆಡಿಸಿದಳು. "ನಾವು ಸಾರಿಸಿದ್ರ ಕೈ ಬಲಕ್ಕ ಬಂದು ನಿಲ್ತೈತಿ, ಅಲ್ಲಿ ಸಗಣಿ ದಪ್ಪ ಕುಂದರತೈತಿ. ಇಲ್ಲಿ ಎಲ್ಲಾ ಎಡಕ್ಕ ಕುಂತೈತಿ ನೋಡ್ರಿ. ಇದು ಎಡಚಿ ಕೈ."

ಪಂಚನಾಮೆಯಲ್ಲಿ ಈ ಮಾತನ್ನು ಹೇಗೆ ಬರೆಯಬೇಕೆಂದು ದಾವಲ್‌ಸಾಬ್‌ಗೆ ಐದು ನಿಮಿಷ ಹಿಡಿಯಿತು. "ಮನಿ ಮಾಲಕಳನ್ನ ಕೇಳೂಣಂದ್ರ ಆಕಿ ಸತ್ತಾಳ," ಎಂದು ಗೊಣಗಿದರು. ಆ ಕತೆಯಲ್ಲಿ ತೊಲೆ ಸುಳ್ಳಾಗಿತ್ತು. ಸಾವು ಮಾತ್ರ ನಿಜವೆಂದು ಅವರೆಲ್ಲ ಹೇಗೆ ನಂಬಿದರೋ, ಆಮೇಲೆ ಅವರಿಗೇ ನಾಚಿಕೆಯಾಯಿತು.

9.40ಕ್ಕೆ ಹೊಸ ಕೆಂಚಮರಡಿ. ನಳದ ಹತ್ತಿರ ನಿಂತ ಹೆಂಗಸರನ್ನು ಕೇಳಿದರೆ ಯಾರೂ ಬಾಯಿ ಬಿಡಲಿಲ್ಲ. "ಎಡಚರಾ? ನಮ್ಮೂರಾಗ ಯಾರೂ ಇಲ್ಲ ಬಿಡ್ರಿ," ಎಂದು ಒಬ್ಬಳು ಕೊಡ ಎತ್ತಿಕೊಂಡು ಹೋದಳು. ಶಿವಕುಮಾರಿ ಮತ್ತೆ ಯಾರನ್ನೂ ಕೇಳಲಿಲ್ಲ. ಓಣಿ ಓಣಿ ನಡೆದಳು, ನೆಲ ನೋಡುತ್ತ. ಎಲ್ಲರ ಅಂಗಳವೂ ಬೆಳಿಗ್ಗೆಯೇ ಸಾರಿಸಿ ಆಗಿತ್ತು. ಮೂರನೇ ಓಣಿಯ ಕೊನೆಯ ಮನೆ ಮುಂದೆ ನಿಂತಳು.

ಬಾಗಿಲಲ್ಲಿ ಐವತ್ತೈದರ ಹೆಂಗಸು, ಸೊಂಟಕ್ಕೆ ಸೀರೆ ಸೆರಗು ಬಿಗಿದವಳು, ಎಡಗೈಯಿಂದ ಮೊರ ಹಿಡಿದು ಜೋಳ ಕೇರುತ್ತಿದ್ದಳು.

"ಬಂದ್ರೇನವ್ವಾ," ಎಂದಳು. "ನಿನ್ನಿ ಸಂಜೀಕ ಬರತೀರಿ ಅಂತ ಚಾ ಇಟ್ಟಿದ್ದೆ."

"ನಿನ್ನ ಹೆಸರು?" ಎಂದರು ಸಿದ್ದರಾಮೇಶ.

"ಗ್ಯಾನಮ್ಮ."

"ಆ ಗ್ವಾಡಿ ಮ್ಯಾಲಿನ ಗ್ಯಾನಮ್ಮ..."

"ನಾನ ರೀ. ಸತ್ತಾಕಿ ನಾನ." ಅವಳು ಮೊರ ಕೆಳಗಿಟ್ಟು ಮನೆಯ ಮೇಲ್ಛಾವಣಿ ತೋರಿಸಿದಳು. "ನಾ ಉರಲು ಹಾಕ್ಕೊಂಡ ತೊಲಿ ಬೇಕೇನು? ಇಲ್ಲೈತಿ ನೋಡ್ರಿ. ನಮ್ಮ ಯಜಮಾನ ಹೊತ್ತುಕೊಂಡು ಬಂದಾನ. ಇದಕ್ಕ ನನ್ನ ಮಕ್ಕಳ ತೊಟ್ಟಿಲ ಕಟ್ಟೀನಿ, ಮೊಮ್ಮಕ್ಕಳದೂ ಕಟ್ಟೀನಿ."

ದಾವಲ್‌ಸಾಬ್ ಟೋಪಿ ತೆಗೆದು ಮತ್ತೆ ಹಾಕಿಕೊಂಡರು.

"ಕ್ಯಾಮೆರಾ ನೀ ತಗೊಂಡೀ?" ಎಂದು ಕೇಳಿದರು ಸಿದ್ದರಾಮೇಶ.

"ಹೂನ್ರಿ. ಸೋಮಾರಕ್ಕೊಮ್ಮೆ ಹೋಗಿ ಸಾರಿಸಿ ದೀಪ ಹಚ್ಚಿ ಬರತೀನಿ, ಊರು ಬಿಟ್ಟಾಗಿಂದ ಒಂದು ವಾರ ತಪ್ಪಿಸಿಲ್ಲ. ನಿನ್ನಿ ನಾ ಹಿತ್ತಲದಾಗಿದ್ದಾಗ ಆ ವಿಡಿಯೊದಾಗಿನ ಈ ಹುಡುಗ ಬಂದ. ಬೂಟು ಹಾಕ್ಕೊಂಡ ಒಳಗ ಹೋದ. ಅವ ಬಾವಿ ಕಡೆ ತಿರುಗಿದ ಕೂಡಲೇ ಎತ್ತಿಕೊಂಡು ಪಕ್ಕದ ಗ್ವಾಡಿ ಹಿಂದ ಕುಂತೆ. ಬಂದು ನೋಡಿ 'ಯಪ್ಪಾ' ಅಂತ ಓಡಿದ."

"ಅವನ ಸಂಗಡ ನೀನೂ ಓಡಬೇಕಿತ್ತಲ್ಲ? ಸಾರಿಸ್ಕೊಂತ ಯಾಕ ಕುಂತಿ?"

ಪ್ರಶ್ನೆಯೇ ಅರ್ಥವಾಗದವಳಂತೆ ಗ್ಯಾನಮ್ಮ ಅವರನ್ನು ನೋಡಿದಳು. "ಬೂಟಿನ ಕೆಸರು ಬಿದ್ದಿತ್ತಲ್ರಿ."

ಕ್ಯಾಮೆರಾ ಒಳಗೆ ಗೋಡೆಯ ಗೂಡಿನಲ್ಲಿತ್ತು, ಕೂಸುಗಳಿಗೆ ಕಟ್ಟುವ ಕುಂಚಿಗೆಯಲ್ಲಿ ಸುತ್ತಿ. ಒಂದು ಗೀರೂ ಬಿದ್ದಿರಲಿಲ್ಲ.

"ಮಾರೂಣಂತೇನು?"

"ಯಾರಿಗೆ ಬೇಕ್ರಿ ಅದು? ಸಾಹೇಬ್ರ, ನಾನು ಬಾಣಂತಿಗೆ, ಕೂಸಿಗೆ ಎಣ್ಣಿ ಹಚ್ಚಿ ನೀರು ಎರಿಯೋಕಿ. ಮಸ್ಕಿ, ಲಿಂಗಸುಗೂರು, ಮುದಗಲ್ ತನಕ ಕರಕೊಂಡು ಹೋಗತಿದ್ರು. ಮೂವತ್ತು ವರ್ಷ ಈ ಎಡಗೈ ಮ್ಯಾಲೆ ಎಷ್ಟು ಕೂಸು ಮಲಗ್ಯಾವ ನನಗ ಲೆಕ್ಕಿಲ್ಲ. ಇವ ನನ್ನ ಹೆಸರು ಹೇಳಿ ದೆವ್ವ ಅಂದ. ಅಮಾಸಿಗೆ ಬಳಿ ಸಪ್ಪಳ ಕೇಳತೈತಂತ. ಒಂದು ತಿಂಗಳಾತು, ಒಂದು ಮನಿಯವ್ರೂ ಕರದಿಲ್ಲ. ದೆವ್ವದ ಹೆಸರಿನಾಕಿ ಕೈಯಾಗ ಹಸೀ ಕೂಸು ಯಾರು ಕೊಡತಾರ?"

"ಠಾಣೆಗೆ ಬಂದು ಹೇಳಬೇಕಿತ್ತು."

"ಏನಂತ? ನಾ ಸತ್ತಿಲ್ಲ ಅಂತ ಅರ್ಜಿ ಬರಕೊಡಬೇಕೇನ್ರಿ?"



ಬೆಳಿಗ್ಗೆ 11.15. ಕ್ಯಾಮೆರಾ ಗುರುತಿಸಲು ಜೀಪಿನಿಂದ ಇಳಿದು ಒಳಗೆ ಬಂದ ಚನ್ನು ಗ್ಯಾನಮ್ಮನನ್ನೂ ಅವಳ ಹೆಸರನ್ನೂ ಸೇರಿಸಿ ಅರ್ಥ ಮಾಡಿಕೊಳ್ಳಲು ತುಸು ಹೊತ್ತು ತೆಗೆದುಕೊಂಡ. ಕೈ ಮುಗಿದ. "ಅಮ್ಮಾ, ತಪ್ಪಾತು. ವಿಡಿಯೊ ತೆಗೀತೀನಿ. ಸರ್, ನನಗ ಕೇಸ್ ಬ್ಯಾಡ್ರಿ."

"ಬ್ಯಾಡ ಅನ್ನಾಕ ನೀ ಯಾರಲೇ?" ಗ್ಯಾನಮ್ಮ ಎದ್ದು ನಿಂತಳು. "ಸಾಯಿಸೋದೂ ನೀನ, ಬಿಡೋದೂ ನೀನ? ಕೇಸ್ ಆಗಲಿ. ಹಿಡೀರಿ ಸಾಹೇಬ್ರ ನನ್ನ. ನನ್ನ ಹೆಸರು ಪೂರಾ ಬರೀರಿ, ಗಂಡನ ಹೆಸರು, ಊರು, ಎಲ್ಲಾ. ಸರ್ಕಾರ ಸತ್ತೋರನ್ನ ಹಿಡಿಯಂಗಿಲ್ಲ ಹೌದಿಲ್ರೀ?"

"ರಾಜಿ ಮಾಡಿಕೊಳ್ಳೋದಿದ್ರ ಅದು ಕೋರ್ಟಿನಾಗ," ಎಂದರು ಸಿದ್ದರಾಮೇಶ. "ಜಾಮೀನಿಗೆ ನಿಮ್ಮ ಯಜಮಾನ್ರಿಗೆ ಹೇಳಿ ಕಳಸ್ತೀವಿ."

"ಕಳಸ್ರಿ. ಕುರಿ ಹೊಡಕೊಂಡು ಹೋಗ್ಯಾನ. ಸತ್ತ ಹೆಂಡತಿಗೆ ಜಾಮೀನು ಕೊಡಾಕ ಬಾ ಅನ್ರಿ, ನಕ್ಕೊಂತ ಬರತಾನ."

ಮಧ್ಯಾಹ್ನ 12.05ಕ್ಕೆ ಶಿವಕುಮಾರಿ ಅವಳನ್ನು ದಸ್ತಗಿರಿ ಮಾಡಿದಳು. ಠಾಣೆಯಲ್ಲಿ ದಾವಲ್‌ಸಾಬ್ ದಸ್ತಗಿರಿ ಪತ್ರ ತುಂಬಿ, ಹೆಬ್ಬೆಟ್ಟಿಗೆಂದು ಶಾಯಿಯ ಪ್ಯಾಡು ಮುಂದೆ ಸರಿಸಿದರು. ಗ್ಯಾನಮ್ಮ ಅದನ್ನು ಬೆರಳ ತುದಿಯಿಂದ ವಾಪಸು ತಳ್ಳಿದಳು. ಪೆನ್ನು ತೆಗೆದುಕೊಂಡು ಎಡಗೈಯಲ್ಲಿ, ಒಂದೊಂದೇ ಅಕ್ಷರ, ತನ್ನ ಹೆಸರು ಬರೆದಳು.

"ಇದರದೊಂದು ಝೆರಾಕ್ಸ್ ಕೊಡ್ರಿ. ಬಾಣಂತಿ ಮನಿಗೆ ಹೋಗುವಾಗ ಸೆರಗಿನಾಗ ಕಟ್ಟಿಕೊಂಡು ಹೋಗತೀನಿ. ಯಾರು ಕೇಳತಾರೋ ಅವರ ಮುಂದ ಬಿಚ್ಚತೀನಿ."

ಶಿವಕುಮಾರಿ ಎದುರಿನ ಅಂಗಡಿಗೆ ಹೋಗಿ ಬಂದಳು. ಅವಳ ಕೈಯಲ್ಲಿ ಎರಡು ಪ್ರತಿ ಇದ್ದವು. "ಒಂದು ನಿನಗ," ಎಂದಳು. "ಇನ್ನೊಂದು ಬಳಗಾನೂರಿಗೆ, ನಮ್ಮ ಅಕ್ಕನ ಅತ್ತಿಯವ್ರಿಗೆ ತೋರಸಾಕ. ಹೋದ ಶುಕ್ರಾರ ಹಡದಾಳ ನಮ್ಮಕ್ಕ. ಎರಿಯೋರು ಸಿಕ್ಕಿಲ್ಲ."

ಕೇಸ್ ಡೈರಿಯಲ್ಲಿ ಕೃತ್ಯದ ಕಾರಣ ಬರೆಯುವ ಸಾಲಿಗೆ ಬಂದಾಗ ಸಿದ್ದರಾಮೇಶ ಬರೆದರು: "ಲಾಭದ ಆಸೆಯಲ್ಲ. ಆರೋಪಿತಳು ಬದುಕಿದ್ದಾಳೆ. ಫಿರ್ಯಾದಿ ಅದನ್ನು ಯಾರನ್ನೂ ಕೇಳಿರಲಿಲ್ಲ."