ಕೇಳದೆ ಹೊಸ್ತಿಲು ದಾಟದವನು

ಗೋಡೆಯ ಹಲಗೆಯ ಮೇಲೆ ಮಾತುಬಿಂಬ ಬೆಳಗಿತು. ಸತ್ತವರ ಹಳೆಯ ಪತ್ರ, ಸಂದೇಶ, ಧ್ವನಿಗಳನ್ನೆಲ್ಲ ಅರೆದು ಕುಡಿದು, ಅವರಂತೆಯೇ ಮಾತನಾಡುವ ಯಂತ್ರ ಅದು.

"ಯಪ್ಪಾ, ಪೂಜಿ ಆತೇನು?"

ಗಡಿಯಲ್ಲಿ ಮಡಿದ ಮಗ ಚನ್ನವೀರನ ದನಿ! ಪೂಜೆಗೆ ಕುಳಿತಿದ್ದ ಗುಳೇದಗುಡ್ಡದ ನೇಕಾರ ಗುರುಪಾದಪ್ಪನವರ ಕೈಯಿಂದ ವಿಭೂತಿಯ ಗಟ್ಟಿ ಜಾರಿತು. ಉತ್ತರ ಕೊಡುವುದನ್ನೂ ಮರೆತು ಅವರು ಹಲಗೆಯನ್ನೇ ನೋಡಿದರು.

ಯಂತ್ರ ಸುಮ್ಮನೆ ಬಂದದ್ದಲ್ಲ. ಜನಪ್ರತಿನಿಧಿಗಳ ಮಹಾಸಭೆಯನ್ನು ಕೇಳದೆಯೇ ಯುದ್ಧ ಸಾರುವ ಅಧಿಕಾರ ದೇಶದ ಮುಖ್ಯಸ್ಥರೊಬ್ಬರಿಗೇ ಇರಬೇಕೆಂದು ಒಂದು ಪಕ್ಷ ಚುನಾವಣೆಗೆ ನಿಂತಿತ್ತು. ಹನ್ನೊಂದು ಸಾವಿರ ಹುತಾತ್ಮರೇ ತಮ್ಮ ಬಿಂಬಗಳ ಮೂಲಕ ಜಾಲತಾಣದಲ್ಲಿ ಹಾಗೆ ಬರೆದರೆ ಎದುರಾಡುವವರಾರು? ಬಿಂಬವನ್ನು ಪ್ರಚಾರಕ್ಕೆ ಬಿಟ್ಟುಕೊಟ್ಟ ಮನೆಗೆ ಅದರ ಸಂಗ ಉಚಿತ. ಮಗನ ದನಿಯ ಆಸೆಗೆ ಗುರುಪಾದಪ್ಪನವರೂ ಒಪ್ಪಿದ್ದರು.

ಯಂತ್ರ ತಂದಿದ್ದ ವಿಜ್ಞಾನಿ ಮಂದಾಕಿನಿ ಅದಕ್ಕೆ ಪಕ್ಷದ ಸಾಲು ಕೊಟ್ಟಳು: 'ಸಭೆಯ ಮಾತಿಗೆ ಕಾಯಬೇಡಿ, ಯುದ್ಧಕ್ಕೆ ಹೊರಡಿ.'

ಬಿಂಬ ಅದನ್ನು ಬರೆಯಲಿಲ್ಲ. ತಂದೆಯ ಕಡೆ ತಿರುಗಿತು.

"ಯಪ್ಪಾ, ಇವರು ಹೇಳಿದ್ದು ಬರೀಲೇನು?"

ನಿನ್ನೆಯಿಂದ ಎಲ್ಲ ಮನೆಗಳಲ್ಲೂ ಬಿಂಬ ಹೀಗೆಯೇ ಮನೆಯವರನ್ನು ಕೇಳುತ್ತಿದೆಯೆಂದು ಮಂದಾಕಿನಿ ಪೇಚಾಡಿದಳು. "ಎಲ್ಲಿ ತಪ್ಪೇತೋ ತಿಳೀವಲ್ದು, ಕಾಕಾ."

"ತಪ್ಪೇನಿಲ್ಲವ್ವ, ಛಲೋನ ಮಾಡೀರಿ. ಹಿರೇರನ್ನ ಕೇಳದ ಹೊಸ್ತಿಲಾ ದಾಟಿದಂವ ಅಲ್ಲ ನನ್ನ ಮಗ."

ಹೂಂ ಎಂದರೆ ಬಿಂಬ ಇಲ್ಲೇ ಇರುತ್ತದೆ, ಬೇಡವೆಂದರೆ ಪಕ್ಷದವರು ಇವತ್ತೇ ಒಯ್ಯುತ್ತಾರೆ ಎಂದು ಅವಳು ತಲೆ ತಗ್ಗಿಸಿ ತಿಳಿಸಿದಳು.

ಸೈನ್ಯಕ್ಕೆ ಹೊರಟ ದಿನವೂ ಚನ್ನವೀರ ಇದೇ ಹೊಸ್ತಿಲಲ್ಲಿ ನಿಂತು ಹೋಗಲೇನು ಎಂದು ಕೇಳಿದ್ದ. ಬೇಡವೆನ್ನಲು ತಂದೆಯ ಜೀವ ಬಡಿದುಕೊಂಡಿತ್ತು. ಆದರೆ ಓಣಿಯ ತುಂಬ ಜನ ಹಾರ ಹಿಡಿದು ನಿಂತಿದ್ದರು. ಅವರ ಮುಂದೆ ಬಾಯಿ ಬಾರದೆ ಹೂಂ ಎಂದುಬಿಟ್ಟಿದ್ದರು.

ಗುರುಪಾದಪ್ಪನವರು ಅಂಗೈಯ ಲಿಂಗವನ್ನು ಒಮ್ಮೆ ನೋಡಿದರು.

"ಬ್ಯಾಡೋ, ಕೂಸ."

"ಆತು ಬಿಡಪ್ಪ," ಎಂದಿತು ಬಿಂಬ. ಆ ದನಿಯಲ್ಲಿ ಎಳ್ಳಷ್ಟೂ ಬೇಸರವಿರಲಿಲ್ಲ.

ಆ ವಾರ ಹನ್ನೊಂದು ಸಾವಿರ ಮನೆಗಳಲ್ಲಿ ಹೆಚ್ಚಿನವು ಇದೇ ಉತ್ತರ ಕೊಟ್ಟವು. ಸಭೆಯನ್ನು ಕೇಳದೆ ಯುದ್ಧಕ್ಕೆ ಹೊರಡುವ ಮಸೂದೆ ಕಡತದಲ್ಲೇ ಉಳಿಯಿತು. ಅದು ಮುಂದಿನ ಮಾತು. ಈಗ ಮಂದಾಕಿನಿ ಯಂತ್ರದ ಗುಂಡಿಗೆ ಬೆರಳು ಇಟ್ಟವಳು ಹಾಗೆಯೇ ನಿಂತಳು. ಇದುವರೆಗೆ ಯಾವ ಮನೆಯಲ್ಲೂ ತಾನು ಕೇಳದಿದ್ದ ಪ್ರಶ್ನೆಯನ್ನು ಕೇಳಿದಳು.

"ಕಾಕಾ, ಬಂದ್ ಮಾಡಲೇನು?"

"ಒಂದೀಟು ತಡಿ, ತಂಗಿ," ಎಂದರು ಮುದುಕರು, ಕಣ್ಣೊರೆಸಿಕೊಂಡು. "ಪೂಜಿ ಆತು ಅಂತ ಅಂವಗ ಇನ್ನಾ ಹೇಳಿಲ್ಲ."