ಕೆಂಪು ಚಿಂದಿಯ ಸೌತೆ

“ಕಿತ್ತಿದ್ದು ಯಾವ ಕೈ? ಎಡಗೈಯೋ, ಬಲಗೈಯೋ?”

ಲತಿಕಾಳ ದನಿಗೆ ಸುಧೀಶ ಬೆಚ್ಚಿ ತಿರುಗಿದ. ಕೈಯಲ್ಲಿ ಹೊಂಬಣ್ಣದ ಸೌತೆ. ತೊಟ್ಟಿಗೆ ಕಟ್ಟಿದ್ದ ಕೆಂಪು ಚಿಂದಿ ಇನ್ನೂ ಜೋತಾಡುತ್ತಿತ್ತು.

ನಾಳೆ ವಿಷು, ಹೊಸ ವರ್ಷ. ಬೆಳಿಗ್ಗೆ ಕಣ್ತೆರೆದರೆ ಮೊದಲು ಕಾಣಬೇಕಾದ ಶುಭದ ನೋಟವೇ ಕಣಿ, ಅದರಲ್ಲಿಡುವುದು ಇಂಥದ್ದೇ ಸೌತೆ. ಕಣಿಗೆಂದು ಗುರುತು ಮಾಡಿ ಬಿಟ್ಟಿದ್ದೀರಿ ಅಂದುಕೊಂಡೆ ಎಂದು ಅವನು ತಡವರಿಸಿದ. ಪಕ್ಕದ ಫ್ಲ್ಯಾಟಿಗೆ ಅವನು ಬಂದು ವಾರವಾಗಿತ್ತಷ್ಟೆ.

“ಅದು ಬೀಜಕ್ಕೆ ಬಿಟ್ಟಿದ್ದು. ನಮ್ಮಮ್ಮ ಉಳಿಸಿಕೊಂಡು ಬಂದ ತಳಿ. ಉಳಿದ ಕಾಯೆಲ್ಲ ಹಂಚಾಯ್ತು. ಇದನ್ನೂ ಬೀಜ ಬಲಿಯೋ ಮೊದಲೇ ಕಿತ್ರಿ... ಇನ್ನು ಮುಗೀತು.”

ತ್ರಿಶೂರಿನ ಆ ಓಣಿಯಲ್ಲಿ, ಫ್ಲ್ಯಾಟಿನವರು ಕಸ ಎಸೆಯುತ್ತಿದ್ದ ಜಾಗವದು. ನಾಲ್ಕು ವರ್ಷದ ಹಿಂದೆ ಓಣಿಯ ಹೆಂಗಸರನ್ನು ಕಟ್ಟಿಕೊಂಡು ಲತಿಕಾ ಗಾಜಿನ ಚೂರು ಆರಿಸಿದ್ದಳು, ಸಗಣಿ ಹೊತ್ತಿದ್ದಳು. ಈಗ ಬೆಂಡೆ, ಅಲಸಂದೆ, ಹರಿವೆ. ಕೊಯ್ದದ್ದನ್ನು ಬೆಳಿಗ್ಗೆ ಗೋಡೆಯ ಮೇಲಿಡುವುದು, ಬೇಕಾದವರು ಒಯ್ಯುವುದು. ಆ ಮಣ್ಣಿಗೆ ಸಿಮೆಂಟು ಬಳಿದು ಕಾರು ನಿಲ್ಲಿಸಬೇಕೆಂದು ಫ್ಲ್ಯಾಟಿನ ಸಂಘ ಹೊರಟಿತ್ತು.

ಬೀಜವೇ ಉಳಿಯದ ಹಾಗೆ ಮಾಡೋಕೆ ಸಂಘದವರೇ ಇವನನ್ನ ಕಳಿಸಿದ್ದಾರೆ ಎಂದುಕೊಂಡಳು ಲತಿಕಾ. ಸೌತೆ ಚಾಚಿದ ಅವನ ಕೈಯನ್ನು ಸರಿಸಿ ನಡೆದುಬಿಟ್ಟಳು.

ಹದಿನೈದು ದಿನದ ಮೇಲೆ ಸಂಘದ ಸಭೆ. ಕರೆಯದಿದ್ದರೂ ಲತಿಕಾ ಬುಟ್ಟಿ ಹೊತ್ತು ಒಳಗೆ ಬಂದಳು. ಸಿಮೆಂಟು ಬಳಿಯಲು ಎಲ್ಲರೂ ಒಪ್ಪಿ ಸಹಿ ಹಾಕಬೇಕಿದ್ದ ಕಾಗದದ ಸುತ್ತ ಬೆಂಡೆ, ಹರಿವೆ ಸುರಿದಳು.

“ನಮ್ಮ ಗೋಡೆ ಮೇಲಿಂದ ಒಂದು ಬೆಂಡೆಕಾಯೂ ತಿನ್ನದವರು ಮೊದಲು ಸಹಿ ಹಾಕಿ.”

ಪೆನ್ನು ಕೈಯಿಂದ ಕೈಗೆ ಹೋಯಿತು. ಯಾರೂ ಮುಚ್ಚಳ ತೆಗೆಯಲಿಲ್ಲ. ಐದನೇ ಮಹಡಿಯ ಹಿರಿಯಾಕೆ ಏಲಿಯಮ್ಮ, ಹರಿವೆ ಇಲ್ಲದೆ ನನಗೆ ಅನ್ನ ಇಳಿಯಲ್ಲ ಮಗಳೇ ಎಂದು ಪೆನ್ನನ್ನು ಪಕ್ಕಕ್ಕೆ ದಾಟಿಸಿದಳು.

ಒಬ್ಬ ಹಾಕಿದರೆ ಸಾಕು, ಉಳಿದವರ ಸಂಕೋಚ ಬಿಡುತ್ತದೆ ಎಂದು ಕಾರ್ಯದರ್ಶಿ ವಾಸು ಮೆನನ್‌ಗೆ ಗೊತ್ತು. ಪೆನ್ನನ್ನು ಸುಧೀಶನ ಮುಂದಿಟ್ಟ. ಹೊಸಬ, ಏನೂ ತಿಂದಿಲ್ಲ, ಕಾರೂ ಇದೆ.

ಸುಧೀಶ ಜೇಬಿನಿಂದ ಪೊಟ್ಟಣ ತೆಗೆದು ಬಿಚ್ಚಿದ. ಬೂದಿ ಸವರಿ ಒಣಗಿಸಿದ ಸೌತೆಬೀಜ.

“ಕಣಿಗೆ ಇಡಲಿಲ್ಲ. ಅಮ್ಮನಿಗೆ ಫೋನ್ ಮಾಡಿ ಕೇಳಿದೆ. ಹುಲ್ಲಲ್ಲಿಟ್ಟು ಪೂರ್ತಿ ಹಣ್ಣಾದ ಮೇಲೆ ತೆಗೆದೆ. ಇದು ಹುಟ್ಟಬೇಕಾದರೆ ಮಣ್ಣು ಬೇಕಲ್ಲ, ಅಣ್ಣಾ” ಎಂದು ಕಾಗದವನ್ನು ಮೆನನ್ ಕಡೆಗೇ ತಳ್ಳಿದ.

ಕಾಗದ ಬಿಳಿಯಾಗಿಯೇ ಕಡತಕ್ಕೆ ಮರಳಿತು.

ಮಕರ ಮಾಸದಲ್ಲಿ ಬಿತ್ತಿದರು. ಸುಧೀಶ ದಿನಾ ನೀರು ಹೊರಲು ಬಂದ. ಲತಿಕಾ ಬನ್ನಿ ಎನ್ನಲಿಲ್ಲ, ಬರಬೇಡಿ ಎಂದೂ ಅನ್ನಲಿಲ್ಲ. ಜ್ವರದಿಂದ ಅವನು ಬಾರದ ಒಂದು ಬೆಳಿಗ್ಗೆ ಮಾತ್ರ, ಬಿಂದಿಗೆ ಹಿಡಿದು ಅವನ ಮೆಟ್ಟಿಲ ಕಡೆಗೇ ನೋಡುತ್ತ ನಿಂತಳು.

ಮತ್ತೆ ವಿಷು ಹತ್ತಿರವಾದಾಗ ಬಳ್ಳಿಯ ತುಂಬ ಹೊನ್ನು. ಚೆಂದದ್ದೊಂದು ಕಾಯಿಗೆ ಅವಳು ಕೆಂಪು ಚಿಂದಿ ಕಟ್ಟಿದಳು.

“ಇನ್ನು ಇದನ್ನ ಯಾರೂ ಕೀಳೋ ಹಾಗಿಲ್ಲ, ಅಲ್ವಾ?” ಸುಧೀಶ ಕೇಳಿದ.

“ಇಲ್ಲ. ಇದು ಇಲ್ಲೇ ಉಳಿಯೋದು.”

ಮಿಕ್ಕ ಚಿಂದಿಯನ್ನು ಅವನ ಬಲಗೈ ಮಣಿಕಟ್ಟಿಗೆ ಸುತ್ತಿದಳು. ಅವನು ತಲೆಯೆತ್ತಿ ಮಹಡಿಗಳತ್ತ ನೋಡಿದ.

“ಲತಿಕಾ... ಫ್ಲ್ಯಾಟಿನವರೆಲ್ಲ ಕಿಟಕೀಲಿದ್ದಾರೆ.”

“ನೋಡಲಿ.”

“ಕಿತ್ತಿದ್ದು ಇದೇ ಕೈ.”

“ಗೊತ್ತು” ಎಂದು ಅವಳು ಗಂಟು ಬಿಗಿದಳು. “ಅದಕ್ಕೇ ಕಟ್ಟಿದ್ದು.”